ಕಾಲುವೆ ಕಿಟಕಿಯ ಖಂಡಪ್ಪ

ಖಂಡಪ್ಪ ಹುಟ್ಟಿನಿಂದ ಬಡಿಗನಲ್ಲ. ಅವನ ಅಪ್ಪ ಅಮರಪ್ಪ ಜೀವಮಾನವಿಡೀ ಮಂದಿಯ ಹೊಲದಲ್ಲಿ ಕೂಲಿ ಮಾಡಿದವನು, ಮಗನಿಗೆ ಎರಡು ಗಟ್ಟಿ ರಟ್ಟೆಗಳನ್ನು ಬಿಟ್ಟರೆ ಬೇರೇನನ್ನೂ ಕೊಡದೆ ಹೋದವನು. ಆದರೂ ಇವತ್ತು ಶಹಾಪುರದ ಸುತ್ತಲಿನ ಹಳ್ಳಿಗಳಲ್ಲಿ ಯಾರ ಮನೆಯ ಕಿಟಕಿಯ ಮಾತು ಬಂದರೂ ಖಂಡಪ್ಪನ ಹೆಸರು ಬಾರದೆ ಆ ಮಾತು ಮುಗಿಯುವುದಿಲ್ಲ. ಇಪ್ಪತ್ತು ವರ್ಷ ಆ ಹೆಸರು ಹೊಗಳಿಕೆಯಾಗಿ ಬಂತು. ಆಮೇಲೆ ಹತ್ತು ವರ್ಷ ಬೈಗುಳವಾಗಿ ಬಂತು. ಈಗ ಮತ್ತೆ ಹೊಗಳಿಕೆಯಾಗಿ ಬರುತ್ತಿದೆ. ಮನುಷ್ಯ ಬದುಕಿರುವಾಗಲೇ ಇಷ್ಟೆಲ್ಲ ಕೇಳಿಸಿಕೊಳ್ಳುವುದು ಸಣ್ಣ ಮಾತಲ್ಲ.

ಭೀಮರಾಯನಗುಡಿಯ ಕ್ಯಾಂಪಿನಲ್ಲಿ ಕಾಲುವೆ ಕೆಲಸ ಜೋರಾಗಿದ್ದ ಕಾಲಕ್ಕೆ ಅವನಿಗೆ ಇಪ್ಪತ್ತು ವರ್ಷ. ಕಲ್ಲು ಹೊರಲು ಹೋದವನು, ಕಾಂಕ್ರೀಟಿಗೆ ಹಲಗೆ ಕಟ್ಟುವ ತಂಡದಲ್ಲಿ ಒಬ್ಬ ಆಳು ಕಡಿಮೆ ಬಿದ್ದಾಗ ಕರೆಯುವ ಮೊದಲೇ ನುಗ್ಗಿ ನಿಂತ. ಗರಗಸ ಹಿಡಿದ ಮೊದಲ ದಿನವೇ ಹೆಬ್ಬೆರಳು ಕೊಯ್ದುಕೊಂಡ. ಎರಡು ವರ್ಷದಲ್ಲಿ ಕ್ಯಾಂಪಿನ ಕ್ವಾರ್ಟರ್ಸುಗಳಿಗೆ ಬಾಗಿಲು, ಕಿಟಕಿ ಮಾಡುವಷ್ಟು ಪಳಗಿದ. ಅಗಲವಾದ ಗಾಜಿನ ಕಿಟಕಿಯನ್ನು ಅವನು ಜೀವನದಲ್ಲಿ ಮೊದಲು ನೋಡಿದ್ದು ಅಲ್ಲಿಯೇ. ಗಾಜಿನಾಚೆ ಗಿಡ ಕಂಡಿತು, ರಸ್ತೆ ಕಂಡಿತು, ರಸ್ತೆಯಲ್ಲಿ ಹೋಗುವ ಜೀಪು ಕಂಡಿತು. ಅವನಿಗೆ ಅದರ ಹುಚ್ಚು ಹಿಡಿಯಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಕಡೆಯ ಹಳೆಯ ಮನೆಗಳಿಗೆ ಪಡುವಣ ಗೋಡೆಯಲ್ಲಿ ಕಿಟಕಿ ಇರುತ್ತಿರಲಿಲ್ಲ. ಎರಡು ಮೊಳ ದಪ್ಪದ ಕಲ್ಲು ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಬೆಳಕಿಗೆ ಮಾಳಿಗೆಯಲ್ಲೊಂದು ಗವಾಕ್ಷಿ. ಹೊತ್ತು ಇಳಿಯುವ ದಿಕ್ಕಿಗೆ ಬೆನ್ನು ಮಾಡಿ ಮನೆ ಕೂತಿರುತ್ತಿತ್ತು. ಹಿರಿಯರು ಶಾಲೆಗೆ ಹೋಗಿರಲಿಲ್ಲ, ಆದರೆ ಏಪ್ರಿಲ್ ತಿಂಗಳ ಮೂರು ಗಂಟೆಯ ಬಿಸಿಲು ಎಂಥದ್ದೆಂದು ಅವರಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ.

ಆಮೇಲೆ ಕಾಲುವೆಗೆ ನೀರು ಬಂತು. ಕುರಿ ಕಾಯುತ್ತಿದ್ದವರು, ಜೋಳ ತೊಗರಿ ಬೆಳೆಯುತ್ತಿದ್ದವರು ಭತ್ತ ನೆಟ್ಟರು. ನೀರಾವರಿ ಮನೆ ಎಂದರೆ ಕಣ್ಣು ಮುಚ್ಚಿ ಹೆಣ್ಣು ಕೊಡುವ ಕಾಲ ಬಂತು. ಆದರೆ ಬೀಗರಾಗಲು ಬಂದವರು ಕಣ್ಣು ಮುಚ್ಚುತ್ತಾರೆಯೆ? ನೀರು ನಿಜವಾಗಿಯೂ ನಿಮ್ಮ ಹೊಲಕ್ಕೆ ಬರುತ್ತದೆಯೋ, ಬರಿ ಬಾಯಿಮಾತೋ ಎಂದು ಅವರಿಗೆ ಅನುಮಾನ. ಆ ಅನುಮಾನಕ್ಕೆ ಖಂಡಪ್ಪನೇ ಮದ್ದು ಹುಡುಕಿದ.

ಎಂಬತ್ತಾರರ ಮಾತು. ಭೀಮರಾಯನಗುಡಿಗೆ ಹತ್ತಿರದ ಒಂದು ಹಳ್ಳಿಯಲ್ಲಿ, ಕುರಿ ಹಟ್ಟಿಯ ಮನೆತನದ ಮಲಕಮ್ಮನ ಮಗ ಭಗವಂತರಾಯನಿಗೆ ಹೆಣ್ಣು ನೋಡುತ್ತಿದ್ದರು. ಅವರ ಮನೆ ದಿಬ್ಬದ ಮೇಲೆ. ಹಿಂದೆಯೇ, ಪಡುವಣಕ್ಕೆ, ಅರವತ್ತು ಹೆಜ್ಜೆ ಇಳಿದರೆ ಕಾಲುವೆ. ಖಂಡಪ್ಪ ಬಂದು ಆ ದಪ್ಪ ಗೋಡೆ ಒಡೆದು, ಪಡಸಾಲೆಯಲ್ಲಿ ಐದಡಿ ಅಗಲದ ಗಾಜಿನ ಕಿಟಕಿ ಕೂಡಿಸಿದ. ಕೂಡಿಸುವ ಮೊದಲು ಅಲ್ಲೊಂದು ಕುರ್ಚಿ ಹಾಕಿ, ತಾನೇ ಕೂತು, ಕೂತವನ ಕಣ್ಣಿನ ಎತ್ತರಕ್ಕೆ ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದ. ಬೀಗರು ಬಂದು ಅದೇ ಕುರ್ಚಿಯಲ್ಲಿ ಕೂತರು. ಚಹಾ ಬರುವ ಮೊದಲೇ ಎದುರಿಗೆ ತುಂಬಿದ ಕಾಲುವೆ, ಅದರಾಚೆ ಹಸಿರು ಗದ್ದೆ. ಮುಂದೆ ಮಾತೇ ಬೇಕಾಗಲಿಲ್ಲ, ಅವತ್ತೇ ವೀಳ್ಯ ಹಂಚಿದರು.

ಸುದ್ದಿ ಗಾಳಿಗಿಂತ ಮುಂಚೆ ಹೋಯಿತು. ಕಾಲುವೆ ಎತ್ತ ಇದ್ದರೆ ಅತ್ತ ಗೋಡೆ ಒಡೆಸುವುದೇ ಒಂದು ಪದ್ಧತಿಯಾಯಿತು, ಹೆಚ್ಚಿನ ಮನೆಗಳಿಗೆ ಅದು ಪಡುವಣಕ್ಕೇ ಇತ್ತು. ಜನ ಅದಕ್ಕೆ ಕಾಲುವೆ ಕಿಟಕಿ ಎಂದು ಹೆಸರಿಟ್ಟರು. ಗಂಡು ಮಗ ಹದಿನೆಂಟಕ್ಕೆ ಬಂದನೆಂದರೆ ಖಂಡಪ್ಪನಿಗೆ ಕರೆ ಬಂತೆಂದೇ ಲೆಕ್ಕ. ಮಣ್ಣಿನ ಮಾಳಿಗೆ ಹೋಗಿ ಕಾಂಕ್ರೀಟಿನ ಮನೆ ಬಂದಾಗಲೂ ಆ ಕಿಟಕಿ ಹೋಗಲಿಲ್ಲ, ಇನ್ನೂ ಅಗಲವಾಯಿತು. ಇಪ್ಪತ್ತು ವರ್ಷದಲ್ಲಿ ಮುನ್ನೂರಕ್ಕೂ ಹೆಚ್ಚು ಕಿಟಕಿ ಕೂಡಿಸಿದ ಖಂಡಪ್ಪ, ಪ್ರತಿಯೊಂದಕ್ಕೂ ಕುರ್ಚಿ ಹಾಕಿ ಬೀಗರ ಕಣ್ಣಿನ ಎತ್ತರ ಹಿಡಿದೇ ಅಳತೆ ಮಾಡಿದ. ಬೀಗರು ಒಂದು ತಾಸು ಕೂತು ಎದ್ದುಹೋಗುವವರು, ಮನೆಯವರು ಮೂವತ್ತು ಬೇಸಿಗೆ ಅಲ್ಲಿಯೇ ಬೇಯುವವರು ಎಂಬ ವಿಚಾರ ಯಾರ ತಲೆಗೂ ಹೊಳೆಯಲಿಲ್ಲ. ಇಂಥ ತಪ್ಪು ಮಾಡಲು ಕಾಲುವೆಯನ್ನು ಹೊಸದಾಗಿ ಕಂಡವರಿಗೇ ಸಾಧ್ಯ.

ಮೊದಮೊದಲು ಯಾರೂ ಬಾಯಿ ಬಿಡಲಿಲ್ಲ. ಪ್ರತಿಷ್ಠೆಯ ಕಿಟಕಿ ಅಲ್ಲವೆ. ಆಮೇಲೆ ಪರದೆ ಬಂದವು, ಒದ್ದೆ ಗೋಣಿಚೀಲ ಬಂದವು, ಗಾಜಿನ ಮೇಲೆ ಹಳೆಯ ಪೇಪರು ಅಂಟಿಸಿದರು. ಕಾಂಕ್ರೀಟಿನ ತಾರಸಿ ಮೇಲಿನಿಂದ ಕಾಯುತ್ತಿತ್ತು, ಪಡುವಣ ಗಾಜು ಪಕ್ಕದಿಂದ ಸುಡುತ್ತಿತ್ತು. ಸೊಳ್ಳೆಗೆ ಹೆದರಿ ರಾತ್ರಿ ಕಿಟಕಿ ತೆರೆಯುವ ಹಾಗಿರಲಿಲ್ಲ. ಸಂತೆಯಲ್ಲಿ ಖಂಡಪ್ಪ ಎದುರಾದರೆ ಹೆಂಗಸರು ಮುಖದ ಮೇಲೆಯೇ ಹೇಳತೊಡಗಿದರು: "ನಮ್ಮನಿಗಿ ಕಿಡಕಿ ಹಚ್ಚಿಲ್ಲಪ ನೀ, ಒಲಿ ಹಚ್ಚಿ ಹೋಗೀದಿ!" ಅವನು ನಕ್ಕು ಮುಂದೆ ಹೋಗುತ್ತಿದ್ದ. ನಗು ಮನೆ ಮುಟ್ಟುವವರೆಗೆ ಉಳಿಯುತ್ತಿರಲಿಲ್ಲ.

ತಮಾಷೆಯೆಂದರೆ, ಖಂಡಪ್ಪನ ಸ್ವಂತ ಮನೆಗೆ ಪಡುವಣ ಕಿಟಕಿಯೇ ಇರಲಿಲ್ಲ. ಹೆಂಡತಿ ಲಾಲಮ್ಮ ಒಪ್ಪಿರಲಿಲ್ಲ. "ಮಂದಿ ಗ್ವಾಡಿ ಒಡದು ಹೊಟ್ಟಿ ತುಂಬಿಸ್ಕೋ, ನನ್ನ ಗ್ವಾಡಿ ಮುಟ್ಟಿದ್ರ ಕೈ ಮುರೀತೀನಿ" ಎಂದು ಮದುವೆಯಾದ ಹೊಸತರಲ್ಲೇ ಹೇಳಿ ಮುಗಿಸಿದ್ದಳು. ಬೇಸಿಗೆಯಲ್ಲಿ ಅವರ ಮಣ್ಣಿನ ಮಾಳಿಗೆಯ ಕೆಳಗೆ ಓಣಿಯ ಅರ್ಧ ಜನ ಬಂದು ಮಲಗುತ್ತಿದ್ದರು.

ಹೀಗಿರುವಾಗ, ಅವನಿಗೆ ಅರವತ್ತೊಂದು ನಡೆಯುತ್ತಿದ್ದ ವರ್ಷ, ಮಾರ್ಚ್ ಕೊನೆಗೆ ಭಗವಂತರಾಯ ಫೋನು ಮಾಡಿದ. ಮಲಕಮ್ಮನಿಗೆ ಆಗ ಎಂಬತ್ತರ ಮೇಲೆ. ಹಿಂದಿನ ವರ್ಷ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ಅದೇ ದಿಬ್ಬದ ಮೇಲೆ ಕಟ್ಟಿದ ಹೊಸ ಕಾಂಕ್ರೀಟಿನ ಮನೆಯಲ್ಲಿ ಅವಳ ಮಂಚ ಇದ್ದದ್ದು ಕಾಲುವೆ ಕಿಟಕಿಗೆ ಒತ್ತಿಕೊಂಡೇ. ಮೊನ್ನೆ ಮಧ್ಯಾಹ್ನ ಅವಳಿಗೆ ಝಳ ಬಡಿದು ಕಣ್ಣು ತಿರುಗಿತ್ತು. ಮುದುಕಿಯನ್ನು ಆ ಕೋಣೆಯಿಂದ ತೆಗೆಯಿರಿ, ಇಲ್ಲವೆ ಕೋಣೆ ತಂಪು ಮಾಡಿರಿ, ಇನ್ನೊಮ್ಮೆ ಹೀಗಾದರೆ ಕಷ್ಟ ಎಂದು ಡಾಕ್ಟರು ಹೇಳಿದ್ದರು. ಮೂಡಣ ಕೋಣೆಗೆ ಸಾಗಿಸಿದರು. ಮಲಕಮ್ಮ ಎರಡು ದಿನ ಅನ್ನ ಬಿಟ್ಟಳು.

ಖಂಡಪ್ಪ ಹೋದಾಗ ಅವಳನ್ನು ಮತ್ತೆ ಕಿಟಕಿಯ ಹತ್ತಿರವೇ ತಂದು ಮಲಗಿಸಿದ್ದರು. ಅವಳು ಸೋತವಳ ಹಾಗೆ ಕಾಣುತ್ತಿರಲಿಲ್ಲ.

"ನೋಡಪ ಖಂಡಪ್ಪ, ಇವ್ರು ನನ್ನ ಕಿಡಕಿಗಿ ಇಟ್ಟಂಗಿ ಕಟ್ಟಸ್ತಾರಂತ. ಗ್ವಾಡಿ ನೋಡ್ಕೋತ ಸಾಯಲೇನು ನಾ?"

"ಯವ್ವಾ, ನಿನ್ನ ಜೀವಕ್ಕ ಹೇಳಾಕತ್ತೀವಿ" ಎಂದ ಭಗವಂತರಾಯ.

"ನನ್ನ ಜೀವ ಎಲ್ಲದ ಅಂತ ನಿನಗೇನು ಗೊತ್ತು? ನಾ ಸೊಸಿಯಾಗಿ ಬಂದಾಗ ಎರಡು ಹರದಾರಿ ನಡದು, ಝರಿ ತೋಡಿ, ಚರಗಿಲೆ ಗೋರಿ ಗೋರಿ ಕೊಡ ತುಂಬ್ತಿದ್ದೆ. ಕುರಿಮರಿ ನೀರಿಲ್ದ ಸತ್ತದ್ದು ಇದೇ ಕಣ್ಣಿಲೆ ನೋಡೀನಿ. ಈಗ ನೀರೇ ಕಣ್ಣ ಮುಂದ ಬಂದು ಹೊಂಟಾವು. ನೋಡಬ್ಯಾಡ ಅಂದ್ರ ಹ್ಯಾಂಗಪ?"

ಖಂಡಪ್ಪ ಕಿಟಕಿಯ ಅಂಚಿನ ಮೇಲೆ ಕೈಯಾಡಿಸಿದ. ಈ ಮುದುಕಿಯ ಸಂತೋಷವನ್ನೂ ಅವಳ ಸಂಕಟವನ್ನೂ ಒಂದೇ ಚೌಕಟ್ಟಿನಲ್ಲಿ ಕೂಡಿಸಿಟ್ಟವನು ತಾನೇ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ, ಆದರೆ ಇಲ್ಲಿ ಮಾಡಿದವನೊಬ್ಬ, ಉಣ್ಣುತ್ತಿರುವವಳು ಇನ್ನೊಬ್ಬಳು.

ಅಲ್ಲಿ ಅಬ್ದುಲ್ ಕರೀಮನೂ ಇದ್ದ. ಹದಿನಾರು ವರ್ಷ ಖಂಡಪ್ಪನ ಕೈಕೆಳಗೆ ರಂದಾ ಹೊಡೆದು ಕೆಲಸ ಕಲಿತವನು, ಈಗ ಶಹಾಪುರದಲ್ಲಿ ಗಾಜು, ಅಲ್ಯೂಮಿನಿಯಮ್ಮಿನ ಸ್ವಂತ ಅಂಗಡಿ ಇಟ್ಟವನು. ಭಗವಂತರಾಯ ಅವನನ್ನೂ ಕರೆಸಿದ್ದ. ಕರೀಮ ಎದ್ದು ನಿಂತು ಹಳೆಯ ಗುರುವಿಗೆ ಕುರ್ಚಿ ಬಿಟ್ಟುಕೊಟ್ಟ.

"ಉಸ್ತಾದ್, ಈಗ ಜೋಡಿ ಗಾಜು ಬಂದಾವ್ರಿ. ಎರಡು ಗಾಜು, ನಡಬರಕ ಗಾಳಿ ಹೋಗದಂಗ ಬಂದ್. ಕಾವು ದಾಟಂಗಿಲ್ಲ. ಯವ್ವಗ ನೀರೂ ಕಾಣ್ತದ, ಧಗಿನೂ ಬರಂಗಿಲ್ಲ. ಹೈದ್ರಾಬಾದಿನಾಗ ದೊಡ್ಡ ದೊಡ್ಡ ಮಂದಿ ಹಾಕಸ್ಯಾರ."

"ಎಷ್ಟಾಗ್ತದ?" ಖಂಡಪ್ಪ ಕೇಳಿದ.

"ಮನಿ ಪೂರ್ತಿ ಮಾಡಿದ್ರ ಎರಡೂಕಾಲು ಲಕ್ಷ" ಎಂದು ಉತ್ತರ ಕೊಟ್ಟವನು ಭಗವಂತರಾಯ. "ರೊಕ್ಕದ್ದು ಬಿಡು ಖಂಡಪ್ಪಣ್ಣ. ಕೆಲಸ ಆಗ್ತದೋ ಇಲ್ಲೋ ಅದು ಹೇಳು. ಏಸಿ ಹಾಕಿಸೀನಿ, ಕರೆಂಟೇ ಇರಂಗಿಲ್ಲ. ಇದೂ ಹಂಗ ಆದ್ರ ಇಟ್ಟಂಗಿ ಕಟ್ಟೋದೊಂದೇ ದಾರಿ."

ಜೋಡಿ ಗಾಜನ್ನು ಖಂಡಪ್ಪ ಕಂಡಿರಲಿಲ್ಲ. ಕಾಣದ್ದನ್ನು ಬೈಯುವ ಬುದ್ಧಿ ಅವನದಲ್ಲ. "ನಾಳಿಗಿ ಹೇಳ್ತೀನ್ರಿ" ಎಂದು ಎದ್ದು ಬಂದ. ಇಟ್ಟಿಗೆ ಕಟ್ಟುವ ಗಾರೆಯವನಿಗೆ ಆಗಲೇ ಹೇಳಿಯಾಗಿದೆ, ಸೋಮವಾರ ಬರುತ್ತಾನೆ ಎಂದು ಬಾಗಿಲಲ್ಲಿ ಸೊಸೆ ಬಾಲಮ್ಮ ಮೆಲ್ಲಗೆ ತಿಳಿಸಿದಳು. ಅವತ್ತು ಬುಧವಾರ.

ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಲಾಲಮ್ಮನಿಗೆ ಎಲ್ಲವನ್ನೂ ಹೇಳಿದ. ಒಂದು ಗಾಜಲ್ಲ, ಎರಡು ಗಾಜು, ನಡುವೆ ಗಾಳಿ ಎಂದು ಎರಡು ಅಂಗೈ ಹಿಡಿದು ತೋರಿಸಿದ. ಅವಳು ರೊಟ್ಟಿ ತಿರುವಿ ಹಾಕಿ ಕೇಳಿದಳು: "ಗಾಜಿನಾಗಿಂದ ಬಿಸಲು ಒಳಗ ಬೀಳ್ತದೋ ಇಲ್ಲೋ?"

"ಗಾಜು ಅಂದ ಮ್ಯಾಗ ಬೀಳ್ತದಲ್ಲ."

"ಮತ್ತ? ಒಳಗ ಬಂದ ಬಿಸಲು ಛೂ ಅಂದ್ರ ಹೊರಗ ಹೋಗಾಕ ಅದೇನು ನಾಯೇನು? ಬರೂ ಮೊದ್ಲೇ ಅಂಗಳದಾಗ ತಡೀಬೇಕು."

ಖಂಡಪ್ಪ ತುತ್ತನ್ನು ಕೈಯಲ್ಲೇ ಹಿಡಿದು ಕೂತ. ನಲವತ್ತು ವರ್ಷದ ಕಸುಬಿನಲ್ಲಿ ಯಾರೂ ಹೇಳದ ಮಾತನ್ನು ಹೆಂಡತಿ ಒಲೆಯ ಮುಂದೆ ಕೂತು ಹೇಳಿಬಿಟ್ಟಿದ್ದಳು. ಬಿಸಿಲನ್ನು ತಡೆಯಬೇಕಾದದ್ದು ಗಾಜಿನ ಈಚೆಗಲ್ಲ, ಆಚೆಗೆ. ಪರದೆ, ಪೇಪರು, ಗೋಣಿಚೀಲ ಎಲ್ಲವನ್ನೂ ಜನ ಒಳಗಿನಿಂದ ಕಟ್ಟಿಕೊಂಡು ಬೆಂದಿದ್ದರು.

ಮರುದಿನ ಮೊದಲ ಬಸ್ಸಿಗೆ ಸುರಪುರಕ್ಕೆ ಹೋದ. ಅಲ್ಲಿ ನಿಜಾಮರ ಕಾಲದ ಒಂದು ಹಳೆಯ ಬಂಗಲೆಯ ಕಿಟಕಿಗೆ ಹೊರಗಡೆಯಿಂದ ಕಟ್ಟಿಗೆಯ ಪಟ್ಟಿಗಳನ್ನು ಓರೆಯಾಗಿ, ಒಂದರ ಮೇಲೊಂದು ಏಣಿ ಮೆಟ್ಟಿಲಿನ ಹಾಗೆ ಜೋಡಿಸಿದ್ದನ್ನು ಎಂದೋ ನೋಡಿದ ನೆನಪು. ಜಿಲಮಿಲಿ ಎನ್ನುತ್ತಿದ್ದರು ಅದಕ್ಕೆ. ಬಂಗಲೆ ಅರ್ಧ ಬಿದ್ದಿತ್ತು, ಒಂದು ಜಿಲಮಿಲಿ ಮಾತ್ರ ಗಟ್ಟಿಯಾಗಿ ಉಳಿದಿತ್ತು. ಕಾವಲಿನ ಮುದುಕಿ ಚಮನಬೀ, "ಏನು ನೋಡಾಕತ್ತೀರಿ ಭಾಯಿ, ಮಾರೂದಿಲ್ಲ ಅದು" ಎಂದು ಗದರಿದಳು. "ಮಾರಬ್ಯಾಡ್ರಿ, ನೋಡಾಕ ಬಿಡ್ರಿ" ಎಂದು ಕೈಮುಗಿದು, ಬೆರಳು ಸಂದಿಗೆ ಹಾಕಿ ಓರೆ ಎಷ್ಟೆಂದು ಅಳೆದುಕೊಂಡು ಬಂದ. ಮೇಲಿನ ಬಿಸಿಲು ಪಟ್ಟಿಯ ಬೆನ್ನಿಗೆ ಬಡಿದು ಹೊರಗೇ ಉಳಿಯುತ್ತಿತ್ತು, ಗಾಳಿ ಸಂದಿಯಿಂದ ಒಳಗೆ ಬರುತ್ತಿತ್ತು.

ಸಂಜೆ ಭಗವಂತರಾಯನ ಮುಂದೆ ನಿಂತು ಹೇಳಿದ: "ಅಣ್ಣಾರ, ನಿಮ್ಮ ಮನ್ಯಾಗ ಒಂದೇ ಅಳತಿ ಎರಡು ಕಾಲುವಿ ಕಿಡಕಿ ಅದಾವ. ಪಡಸಾಲ್ಯಾಗಿಂದು ಕರೀಮಗ ಕೊಡ್ರಿ, ಯವ್ವಂದು ನನಗ ಬಿಡ್ರಿ. ಎರಡೂ ಕ್ವಾಣಿ ಮ್ಯಾಲಿನ ತಾರಸಿಗಿ ಸುಣ್ಣ ಬಳಿಸ್ರಿ, ಇಲ್ಲಾಂದ್ರ ಮ್ಯಾಲಿನ ಕಾವು ನಮ್ಮಿಬ್ಬರ ಕಿಡಕಿನೂ ಸೋಲಸ್ತದ. ರವಿವಾರ ಸಂಜಿಗಿ ಯವ್ವನೇ ಎರಡೂ ಕಡಿ ಮಲಗಿ ನ್ಯಾಯ ಹೇಳಲಿ. ನಾ ಸೋತ್ರ ಸೋಮವಾರ ನಾನೇ ಇಟ್ಟಂಗಿ ಹೊರ್ತೀನಿ."

ಕರೀಮ ನಕ್ಕ. ಒಂದು ಬ್ಯಾಂಕಿಗೆಂದು ಮಾಡಿಸಿ, ಅಳತೆ ತಪ್ಪಿದ್ದಕ್ಕೆ ವಾಪಸು ಬಂದಿದ್ದ ಜೋಡಿ ಗಾಜೊಂದು ಅವನ ಅಂಗಡಿಯಲ್ಲಿ ಬಿದ್ದಿತ್ತು. ಸ್ವಲ್ಪ ಚೌಕಟ್ಟು ಹೊಂದಿಸಿದರೆ ಕೂಡುತ್ತಿತ್ತು. "ಆಯ್ತು ಉಸ್ತಾದ್. ಆದ್ರ ಸೋತ ಮ್ಯಾಗ ಸಿಟ್ಟಾಗಬ್ಯಾಡ್ರಿ" ಎಂದ.

ಶುಕ್ರವಾರ, ಶನಿವಾರ ಖಂಡಪ್ಪ ಕೂತು ಉಂಡದ್ದಿಲ್ಲ. ಮನೆಯಲ್ಲಿದ್ದ ಬೇವಿನ ಹಲಗೆ ಸೀಳಿ ಪಟ್ಟಿ ಮಾಡಿದ, ಬೆಳ್ಳಗೆ ಬಣ್ಣ ಬಳಿದ, ಚೌಕಟ್ಟು ಕಟ್ಟಿ ಕಿಟಕಿಯ ಹೊರಗೆ ಒಂದು ಗೇಣು ಬಿಟ್ಟು ತೂಗುಹಾಕಿದ. ಗಾಜಿನ ಬಾಗಿಲು ಒಳಕ್ಕೆ ತೆರೆದುಕೊಳ್ಳುವ ಹಾಗೆ ತಿರುಗಿಸಿ, ಅಲ್ಲಿ ಸೊಳ್ಳೆಯ ಜಾಳಿಗೆ ಬಡಿದ. ನೀರು ಕಾಣಬೇಕಲ್ಲ? ಅದಕ್ಕೆ ಚೌಕಟ್ಟಿನ ನಡುವೆ ಉದ್ದಕ್ಕೂ ಒಂದೂವರೆ ಗೇಣು ಪಟ್ಟಿಯಿಲ್ಲದೆ ಖಾಲಿ ಬಿಟ್ಟು, ಆ ಸಂದಿನ ಮೇಲೆ ಮಾತ್ರ ಅಗಲವಾದ ಹಲಗೆಯನ್ನು ಟೊಪ್ಪಿಗೆಯ ಅಂಚಿನಂತೆ ಹೊರಗೆ ಚಾಚಿಸಿದ. ಹೊತ್ತು ಮುಳುಗಲು ಎರಡು ತಾಸು ಉಳಿಯುವವರೆಗೆ ಬಿಸಿಲು ಅಲ್ಲಿ ನುಗ್ಗುವಂತಿರಲಿಲ್ಲ, ಆಮೇಲೆ ನುಗ್ಗಿದರೂ ಒಂದು ಪಟ್ಟಿಯಷ್ಟೇ. ದೂರ ನಿಂತು ನೋಡಿದ. ಚಂದ ಕಂಡಿತು. ಹಿಗ್ಗಿನಿಂದ ಒಳಗೆ ಬಂದ.

"ಹ್ಯಾಂಗದ ಯವ್ವಾ?"

ಮಲಕಮ್ಮ ದಿಂಬಿನ ಮೇಲೆ ತಲೆ ಅತ್ತಿತ್ತ ಹೊರಳಿಸಿ ನೋಡಿದಳು. ಆಮೇಲೆ, "ತಂಪದ ಖಂಡಪ್ಪ. ಆದ್ರ ನನ್ನ ನೀರೆಲ್ಲಿ?" ಎಂದಳು.

ಅವನು ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು ನೋಡಿದ. ಕಾಲುವೆ ಸ್ವಚ್ಛವಾಗಿ ಕಾಣುತ್ತಿತ್ತು. "ಅಲ್ಲೇ ಅದಲ್ಲ ಯವ್ವಾ, ಸಂದಿನಾಗ!" ಎಂದ. "ನನಗ ಹಲಗಿ ಕಾಣಾಕತ್ಯಾವು" ಎಂದಳು ಅವಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು.

ಆಗ ತಲೆಯಲ್ಲಿ ಬೆಳಕು ಹರಿಯಿತು. ಬಾಲಮ್ಮನಿಗೆ ಹೇಳಿ ಮುದುಕಿಯನ್ನು ಸ್ವಲ್ಪ ಹೊತ್ತು ಪಕ್ಕದ ಹಾಸಿಗೆಗೆ ಸರಿಸಿದ. ತಾನೇ ಆ ಮಂಚದ ಮೇಲೆ, ಅವಳದೇ ಎರಡು ದಿಂಬಿಗೆ ತಲೆಯಿಟ್ಟು, ಕಾಲು ಚಾಚಿ ಮಲಗಿದ. ಬಾಗಿಲಲ್ಲಿ ನಿಂತ ಮಕ್ಕಳು ಕಿಸಕ್ಕೆಂದು ನಕ್ಕವು. ಖಂಡಪ್ಪ ನಗಲಿಲ್ಲ. ಮೂವತ್ತು ವರ್ಷದ ರೂಢಿಯಂತೆ ಅವನು ಮತ್ತೆ ಬೀಗರ ಕುರ್ಚಿಯ ಎತ್ತರವನ್ನೇ ಹಿಡಿದಿದ್ದ. ಮಲಗಿದವಳ ಕಣ್ಣು ಅದಕ್ಕಿಂತ ಒಂದೂವರೆ ಗೇಣು ಕೆಳಗಿತ್ತು. ಮುನ್ನೂರು ಕಿಟಕಿ ಮಾಡಿದ ಮನುಷ್ಯ, ಆ ಮನೆಯಲ್ಲಿ ಬದುಕುವವರ ಕಣ್ಣಿನಿಂದ ಕಿಟಕಿಯನ್ನು ನೋಡಿದ್ದು ಅದೇ ಮೊದಲು. ಅಲ್ಲಿ ಮಲಗಿದ್ದ ಹಾಗೆಯೇ ಅವನಿಗೆ ನಾಚಿಕೆಯಾಯಿತು, ನಾಚಿಕೆಯ ಬೆನ್ನಿಗೇ ಹುರುಪೂ ಬಂತು. ಮಲಗಿಕೊಂಡೇ ಕೈಚಾಚಿ ಜಾಳಿಗೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದ.

ರವಿವಾರ ಮಧ್ಯಾಹ್ನದ ಹೊತ್ತಿಗೆ ಹೊಸ ಗೆರೆಗೆ ಸರಿಯಾಗಿ ಸಂದು ಇಳಿಸಿ ಮುಗಿಸಿದ. ಆಗಲೇ ತಾರಸಿಗೆ ಸುಣ್ಣ ಬಿದ್ದಿತ್ತು, ಪಡಸಾಲೆಯಲ್ಲಿ ಕರೀಮನ ಜೋಡಿ ಗಾಜು ಕೂತು ಮಿಂಚುತ್ತಿತ್ತು. ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ನೀಲಕಂಠ ಎರಡು ಉಷ್ಣಮಾಪಕ ತಂದು, ಎರಡೂ ಸಮ ತೋರಿಸುತ್ತವೆಂದು ಎಲ್ಲರಿಗೂ ತೋರಿಸಿ, ಕೋಣೆಗೊಂದರಂತೆ ತೂಗುಹಾಕಿದರು. ಓಣಿಯ ಜನ ಅಂಗಳದಲ್ಲಿ ತುಂಬಿದರು. ಕಿಟಕಿ ನೋಡಲು ಇಷ್ಟು ಜನ ಸೇರಿದ್ದು ಎಂಬತ್ತಾರರ ನಂತರ ಆಗಲೇ ಇರಬೇಕು.

ಮೂರಕ್ಕೆ ಕರೆಂಟು ಹೋಯಿತು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ, ಪರೀಕ್ಷೆಗೆ ಅದೇ ಒಳ್ಳೆಯದೆಂದರು ಮೇಷ್ಟ್ರು. ಮೊದಲು ಮಲಕಮ್ಮನನ್ನು ಪಡಸಾಲೆಯ ಜೋಡಿ ಗಾಜಿನ ಹತ್ತಿರ ಮಲಗಿಸಿದರು. ಕರೀಮ ಅವಳ ಕೈ ಹಿಡಿದು ಗಾಜಿಗೆ ಮುಟ್ಟಿಸಿದ. "ನೋಡ್ರಿ ಆಯಿ, ಒಳಗಿನ ಗಾಜು ಸುಡೂದಿಲ್ಲ." ಖರೆ, ಸುಡುತ್ತಿರಲಿಲ್ಲ. ಎಲ್ಲರೂ ಮುಟ್ಟಿ ನೋಡಿ ಹೌದೆಂದರು. ಖಂಡಪ್ಪನೂ ಮುಟ್ಟಿದ. ಸೋಮವಾರ ಹೊರಬೇಕಾದ ಇಟ್ಟಿಗೆ ಅವನಿಗೆ ನೆನಪಾಯಿತು.

ನಾಲ್ಕಾಯಿತು. ಹೊತ್ತು ಇಳಿದ ಹಾಗೆ ಬಿಸಿಲು ಎರಡೂ ಗಾಜನ್ನು ಸಲೀಸಾಗಿ ದಾಟಿ ನೆಲಕ್ಕೆ ಬಿತ್ತು, ನೆಲದಿಂದ ಮಂಚದ ಕಾಲಿಗೆ ಏರಿತು, ಅಲ್ಲಿಂದ ಕೌದಿಗೆ, ಕೌದಿಯಿಂದ ಮುದುಕಿಯ ಮೊಣಕಾಲಿಗೆ. ಬಂದ ಕಾವು ಹೋಗಲು ದಾರಿಯಿರಲಿಲ್ಲ. ಆ ಕಿಟಕಿ ತೆರೆಯುವಂಥದ್ದಲ್ಲ, ಬಿಗಿಯಾಗಿ ಮುಚ್ಚಿದ್ದು. ಮಲಕಮ್ಮ ಸೆರಗಿನಿಂದ ಕತ್ತು ಒರೆಸಿಕೊಂಡಳು.

"ಕರೀಮ್, ನಿನ್ನ ಗಾಜು ತಂಪದಪ. ನನ್ನ ಹಾಸಗಿ ಸುಡಾಕತ್ಯಾದ. ನಾ ಗಾಜಿನ ಮ್ಯಾಗ ಮಲಗಂಗಿಲ್ಲಲ್ಲ?"

ಅಂಗಳ ಗೊಳ್ಳೆಂದಿತು. ಕರೀಮನೂ ನಕ್ಕುಬಿಟ್ಟ. ಮೇಷ್ಟ್ರು ಓದಿದರು: ಹೊರಗೆ ನೆರಳಿನಲ್ಲಿ ನಲವತ್ತೊಂದು, ಪಡಸಾಲೆಯಲ್ಲಿ ಮೂವತ್ತೊಂಬತ್ತೂವರೆ.

ಆಮೇಲೆ ಅವಳನ್ನು ಅವಳ ಕೋಣೆಗೆ ಎತ್ತಿಕೊಂಡು ಹೋದರು. ಒಳಗೆ ಕಾಲಿಟ್ಟ ಕೂಡಲೇ ಭಗವಂತರಾಯ ನಿಂತುಬಿಟ್ಟ, ಕತ್ತಲಲ್ಲದ ಒಂದು ಮೆತ್ತನೆಯ ಬೆಳಕು, ಸಂದಿಗಳಿಂದ ಸುಳಿಯುವ ಗಾಳಿ. ಮೇಷ್ಟ್ರು ಮತ್ತೆ ಕನ್ನಡಕ ಏರಿಸಿದರು. ಮೂವತ್ತೈದೂವರೆ. ತಪ್ಪು ಓದಿದೆನೇನೋ ಎಂದು ಪಡಸಾಲೆಯ ಉಷ್ಣಮಾಪಕವನ್ನೂ ತರಿಸಿ ಪಕ್ಕದಲ್ಲಿ ಹಿಡಿದು ಕಾದರು. ಅದೂ ಇಳಿದು ಇಳಿದು ಅಲ್ಲಿಗೇ ಬಂದು ನಿಂತಿತು.

ಯಾರೂ ಅದನ್ನು ನೋಡುತ್ತಿರಲಿಲ್ಲ. ಎಲ್ಲರೂ ಮಲಕಮ್ಮನ ಮುಖ ನೋಡುತ್ತಿದ್ದರು. ಅವಳು ದಿಂಬಿಗೆ ತಲೆ ಇಟ್ಟು, ಕತ್ತು ಹೊರಳಿಸಿ, ಸಂದಿನಾಚೆ ನೋಡಿದಳು. ಕಾಲುವೆ ಉದ್ದಕ್ಕೂ ಇತ್ತು, ಅದರಲ್ಲಿ ಆ ವರ್ಷದ ಕೊನೆಯ ನೀರು ಹರಿಯುತ್ತಿತ್ತು, ದಂಡೆಯ ಮೇಲೆ ಯಾರದೋ ಎಮ್ಮೆ ನಿಂತಿತ್ತು.

"ಎಮ್ಮಿ ಕಾಣಾಕತ್ಯಾದ" ಎಂದಳು. "ಅಲ್ಲಾಬಕ್ಷನ ಎಮ್ಮಿ. ಕೊಂಬು ಮುರದದ ನೋಡು." ಅಷ್ಟೇ ಹೇಳಿ ಕಣ್ಣು ತುಂಬಿಕೊಂಡಳು. "ಇಟ್ಟಂಗಿ ಕಟ್ಟಾಂವಗ ಬರಬ್ಯಾಡ ಅನ್ರಿ."

ಖಂಡಪ್ಪ ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ಕೂತ. ಅರವತ್ತೊಂದರ ಗಂಡಸು, ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಅತ್ತ. ಗೆದ್ದವನ ಅಳು ಅದು.

ಭಗವಂತರಾಯ ಹತ್ತಿರ ಬಂದು ಕೇಳಿದ: "ಹಂಗಾದ್ರ ಆ ಜೋಡಿ ಗಾಜು ಬರೀ ಸುಳ್ಳೇನು ಖಂಡಪ್ಪಣ್ಣ?"

"ಸುಳ್ಳಲ್ರಿ ಅಣ್ಣಾರ" ಎಂದ ಖಂಡಪ್ಪ. ಕರೀಮ ಕೇಳಿಸಿಕೊಳ್ಳಲಿ ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದ. "ದಿನಾ ಪೂರ್ತಿ ಏಸಿ ಹಚ್ಚೋ ಬ್ಯಾಂಕಿಗಿ, ಆಪರೇಷನ್ ಮಾಡೋ ಕ್ವಾಣಿಗಿ ಹಾಕಸ್ರಿ, ಒಳಗಿನ ತಂಪು ಒಳಗ ಉಳೀತದ, ಹಾಕಿದ ರೊಕ್ಕ ತಿರುಗಿ ಬರ್ತದ. ರಸ್ತೆ ಬಾಜೂಕ ಮನಿ ಇದ್ರ ಲಾರಿ ಗದ್ದಲಾನೂ ಕಮ್ಮಿ ಆಗ್ತದ. ಆದ್ರ ಅಲ್ಲೂ ಮೊದ್ಲು ಹೊರಗ ನೆಳ್ಳು ಮಾಡ್ರಿ. ನಮ್ಮಂಥ ಫ್ಯಾನಿನ ಮನಿಗಿ ತಾರಸಿಗಿ ಸುಣ್ಣ, ಕಿಡಕಿಗಿ ಹೊರಗ ನೆಳ್ಳು, ರಾತ್ರಿಗಿ ಜಾಳಿಗಿ. ಇಷ್ಟಾದ ಮ್ಯಾಗ ರೊಕ್ಕ ಹೆಚ್ಚಾಗಿ ಕಚ್ಚಾಕತ್ರ ಕರೀಮನ ಅಂಗಡಿಗಿ ಹೋಗ್ರಿ."

ಕ್ವಾರ್ಟರ್ಸಿನ ಗಾಜಿಗೆ ಮರುಳಾದ ಹುಡುಗ ನಲವತ್ತು ವರ್ಷದ ಮೇಲೆ ಆಡಿದ ಮಾತು ಅದು. ಕರೀಮ ಬಂದು ಗುರುವಿನ ಕೈ ಹಿಡಿದ. "ಉಸ್ತಾದ್, ಕಟ್ಟಿಗಿ ಪಟ್ಟಿ ಎಷ್ಟಂತ ಸೀಳ್ತೀರಿ ಈ ವಯಸ್ಸಿನಾಗ? ನಾ ಅಲ್ಯೂಮಿನಿಯಮ್ಮಿನಾಗ ಮಾಡ್ತೀನಿ. ಅಳತಿ ನಿಮ್ದು" ಎಂದ. ಪಂಥ ಅಲ್ಲಿಗೆ ಪಾಲುದಾರಿಕೆಯಾಯಿತು.

ಆ ಬೇಸಿಗೆ ಖಂಡಪ್ಪನಿಗೆ ಬಿಡುವಿರಲಿಲ್ಲ. ಒಂದು ಕಾಲದಲ್ಲಿ ತಾನೇ ಗೋಡೆ ಒಡೆದ ಮನೆಗಳನ್ನು ಒಂದೊಂದಾಗಿ ಹುಡುಕಿಕೊಂಡು ಹೋದ. ಬೈದ ಹೆಂಗಸರೇ ಚಹಾ ಕೊಟ್ಟರು. ಹೋದ ಕಡೆಯೆಲ್ಲ ಟೇಪು ಬಿಚ್ಚುವ ಮೊದಲು ಒಂದೇ ಪ್ರಶ್ನೆ ಕೇಳುತ್ತಿದ್ದ: "ಈ ಕಿಡಕಿ ಬಾಜೂಕ ದಿನಾ ಯಾರಿರ್ತೀರಿ?" ಒಂದು ಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವ ಮಮ್ತಾಜ, ಇನ್ನೊಂದರಲ್ಲಿ ತೊಟ್ಟಿಲ ಕೂಸು, ಮತ್ತೊಂದರಲ್ಲಿ ನೆಲದ ಮೇಲೆ ಕೂತು ಓದುವ ಹುಡುಗಿ. ಅವರು ಕೂತಲ್ಲಿ ಕೂತು, ಮಲಗಿದಲ್ಲಿ ಮಲಗಿ ಗೆರೆ ಎಳೆದ. ಕುರ್ಚಿಯನ್ನು ಮಾತ್ರ ಯಾರೂ ತಂದುಹಾಕದ ಹಾಗೆ ನೋಡಿಕೊಂಡ.

ಮಲಕಮ್ಮ ಏಪ್ರಿಲ್ ಕಳೆದಳು, ಮೇ ಕಳೆದಳು. ನಲವತ್ನಾಲ್ಕು ಡಿಗ್ರಿಯ ದಿನಗಳೂ ಬಂದು ಹೋದವು, ಅವಳಿಗೆ ಮತ್ತೆ ಕಣ್ಣು ತಿರುಗಲಿಲ್ಲ. ಕಾಲುವೆ ಬತ್ತಿ ಬರಿದಾದಾಗಲೂ ಅವಳು ಆ ಸಂದಿನಿಂದ ಕಣ್ಣು ತೆಗೆಯಲಿಲ್ಲ. ಒಣ ಕಾಲುವೆಯಲ್ಲಿ ಏನು ನೋಡುತ್ತಿ ಎಂದರೆ, "ಬರೂ ದಾರಿ ನೋಡಾಕತ್ತೀನಿ" ಎನ್ನುತ್ತಿದ್ದಳು.

ಜುಲೈ ಕೊನೆಯ ವಾರ, ಬೆಳಗಿನ ಹತ್ತರ ಸುಮಾರು. ಪಡಸಾಲೆಯ ಜೋಡಿ ಗಾಜಿನ ಹೊರಗೂ ಪಟ್ಟಿ ಕೂಡಿಸಲು ಖಂಡಪ್ಪ ಅವತ್ತು ಅಲ್ಲಿಗೆ ಬಂದಿದ್ದ. ನೀರು ಬಿಡುವುದು ಇನ್ನೂ ನಾಲ್ಕು ದಿನ ಇದೆಯೆಂದು ಎಲ್ಲರೂ ತಿಳಿದಿದ್ದರು. ಒಳಗಿನಿಂದ ಮಲಕಮ್ಮನ ಕೂಗು ಬಂತು.

"ಬಂತೋ! ನೀರು ಬಂತೋ! ಎಲ್ಲಿ ಸತ್ರಿ ಎಲ್ಲಾರು, ನೀರು ಬಂತೋ!"

ಹಾಸಿಗೆ ಹಿಡಿದವಳ ದನಿಯಲ್ಲ ಅದು, ಹಟ್ಟಿಯ ಕುರಿಗಳನ್ನು ಕೂಗಿ ಕರೆಯುತ್ತಿದ್ದವಳ ದನಿ. ಭಗವಂತರಾಯ ಚಪ್ಪಲಿ ಮೆಟ್ಟದೆ ಓಡಿದ. ಬಾಲಮ್ಮ ಹಿಟ್ಟಿನ ಕೈಯಲ್ಲೇ ಓಡಿದಳು. ಓಣಿಗೆ ಓಣಿಯೇ ಕಾಲುವೆಯ ದಂಡೆಗೆ ಹರಿಯಿತು. ಊರಲ್ಲಿ ಎಲ್ಲರಿಗಿಂತ ಮೊದಲು ನೀರನ್ನು ಕಂಡವಳು ಮಾತ್ರ ಮಂಚದ ಮೇಲೆ ಇದ್ದಳು.

ಖಂಡಪ್ಪ ಕೋಣೆಗೆ ಬಂದು ಕಿಟಕಿಯ ಮುಂದೆ ನಿಂತ. ನಿಂತವನಿಗೆ ಏನೂ ಕಾಣಲಿಲ್ಲ. ಮಲಕಮ್ಮ ಅವನ ಅಂಗಿ ಹಿಡಿದು ಜಗ್ಗಿದಳು. "ಕೆಳಗ ಕೂಡೋ ಹುಚ್ಚಪ್ಪ, ನನ್ನ ಸರಿ ಕೂಡು." ಅವನು ಮಂಚಕ್ಕೆ ಒರಗಿ ನೆಲದ ಮೇಲೆ ಕೂತು, ತಲೆಯನ್ನು ಅವಳ ದಿಂಬಿನ ಸಮಕ್ಕೆ ತಂದ. ಒಣ ಕಾಲುವೆಯ ನಡುವೆ ಕಂದು ಬಣ್ಣದ ನೀರು, ಎಲೆ, ಕಸ, ನೊರೆ ಎಲ್ಲವನ್ನೂ ಮುಂದೆ ನೂಕಿಕೊಂಡು ಬರುತ್ತಿತ್ತು. ಮಕ್ಕಳು ಅದರ ಮುಂದೆ ಮುಂದೆ ಓಡುತ್ತಿದ್ದರು.

"ಕಂಡಿತೇನು?" ಎಂದಳು ಮಲಕಮ್ಮ.

"ಕಂಡಿತು ಯವ್ವಾ" ಎಂದ ಖಂಡಪ್ಪ. ನೀರು ಕಿಟಕಿಯ ಈ ತುದಿಯಿಂದ ಆ ತುದಿಗೆ ದಾಟಿ ಹೋಗುವವರೆಗೆ ಇಬ್ಬರೂ ಹಾಗೆಯೇ ನೋಡುತ್ತ ಕೂತರು.